ಹಸಿ ಬಣ್ಣಕ್ಕೆ ತಪ್ಪು ಹೇಳದವರು

“ಹಲೋ… ಹಲೋ, ಯಾರು ಮಾತಾಡ್ತಿರೋದು?… ಹಾಂ, ಹಾಂ, ಫೋನ್ ಮಾಡಿದ್ದೂ ನಾನೇ, ಯಾರು ಅಂತ ಕೇಳ್ತಿರೋದೂ ನಾನೇ. ತಲೆ ನೆಟ್ಟಗಿಲ್ಲ, ಬೇಜಾರು ಮಾಡ್ಕೋಬೇಡಿ. ಅಜ್ಜಿ, ಫೋನು ಸ್ವಲ್ಪ ನಿಮ್ಮ ಮೊಮ್ಮಗನಿಗೆ ಕೊಡ್ತೀರಾ?… ಮೊಮ್ಮಗ ಇಲ್ವಾ? ಮಗ?… ಹಾಗಾದ್ರೆ ನಂಬರೇ ತಪ್ಪಿರ್ಬೇಕು. ನಂಗೆ ‘ಹದ್ದಿನಕಣ್ಣು’ ಅನ್ನೋರು ಬೇಕಿತ್ತು. ಗೇಮ್ ಆಡೋರು.”

…

“ನೀವೇನಾ?!”

ಹಿಂದಿನ ಬಾಲ್ಕನಿಯಲ್ಲಿ, ಒಗೆದು ಹರವಿದ ಬಟ್ಟೆಗಳ ನಡುವೆ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದವಳು ತಟ್ಟನೆ ಎದ್ದು ನಿಂತಳು. ಒದ್ದೆ ಟವೆಲೊಂದು ಮುಖಕ್ಕೆ ಬಡಿಯಿತು. ಇಷ್ಟು ದಿನ ಆ ಹೆಸರಿನ ಹಿಂದೆ ಅವಳು ಕಂಡಿದ್ದು ಕುರುಚಲು ಗಡ್ಡದ, ನಿದ್ದೆಗೆಟ್ಟ ಒಬ್ಬ ಹುಡುಗನನ್ನು. ಇಲ್ಲದ್ದನ್ನು ಕಾಣುವುದರಲ್ಲಿ ಅವಳದು ಎತ್ತಿದ ಕೈ. ಆ ಹುಡುಗನಿಗೆ ನೀಲಿ ಸ್ವೆಟರನ್ನೂ ತೊಡಿಸಿ ಆಗಿತ್ತು. ಈಗ ಅದೇ ಸ್ವೆಟರಿನೊಳಗಿಂದ ಒಬ್ಬ ಮುದುಕಿ ಕೆಮ್ಮುತ್ತಿದ್ದಳು.

“ಇಲ್ಲಪ್ಪ, ನಗ್ತಿಲ್ಲ ಅಜ್ಜಿ… ಸರಿ, ಅಜ್ಜಿ ಅನ್ನಲ್ಲ. ಆಂಟಿ?… ಅದೂ ಬೇಡ್ವಾ? ಅಮ್ಮಾ ಅಂತೀನಿ, ಅದಕ್ಕೆ ಯಾರೂ ಬೇಡ ಅನ್ನಲ್ಲ. ನಾನು ‘ಕಾಜಾರಾಣಿ’. ನೆನಪಾಯ್ತಾ? ಹೊಸ ಅಪ್‌ಡೇಟು ಎಲ್ಲರಿಗಿಂತ ಮೊದ್ಲೇ ಸಿಗೋ ಟೆಸ್ಟಿಂಗ್ ಗುಂಪಿಗೆ ನೀವೇ ನನ್ನ ಸೇರಿಸಿದ್ದು. ಏನಾದ್ರೂ ಆದ್ರೆ ಫೋನ್ ಮಾಡು ಅಂತ ನಂಬರನ್ನೂ ಕಳಿಸಿದ್ರಿ… ಹೂಂ. ಏನೋ ಆಗಿದೆ.”

…

“ಬಟ್ಟೆ ಅಂಗಡಿ ಅಲ್ಲ, ಟೈಲರ್ ಅಂಗಡಿ. ಅಲ್ಲಿ ಕಾಜಾ ಹೊಲಿಯೋದು, ಗುಂಡಿ ಹಚ್ಚೋದು ನನ್ನ ಕೆಲ್ಸ. ರಾಣಿ ಅಂತ ನಾನೇ ಹಾಕ್ಕೊಂಡಿದ್ದು, ಬೇರೆ ಯಾರು ಹಾಕ್ತಾರೆ ಹೇಳಿ?… ಇವತ್ತು ರಜ. ಮಾವ ಒಳಗಿದಾರೆ, ಅದಕ್ಕೇ ಹೊರಗೆ ಬಂದು ಪಿಸಪಿಸ ಅಂತಿದೀನಿ. ಕೇಳಿಸ್ತಿದೆ ತಾನೇ?”

…

“ಮೊನ್ನೆ ಬೆಳಿಗ್ಗೆ ಗೇಮ್ ಕನ್ಸೋಲ್ ಆನ್ ಮಾಡಿದ್ರೆ ಮಾತೇ ಇಲ್ಲ. ಓದಿ ಹೇಳೋ ಹುಡುಗಿ ಮಾಯ. ಪರದೆ ಮೇಲೆ ಎರಡು ಸಾಲು: ನಿಮ್ಮ ಜಾಗವನ್ನು ಬೇರೆಯವರಿಗೆ ನೀಡಲಾಗಿದೆ, ನಿಮ್ಮ ಕನ್ಸೋಲ್ ಹಳೆಯ ಸಾಫ್ಟ್‌ವೇರಿಗೆ ಮರಳಿದೆ, ಭಾಗವಹಿಸಿದ್ದಕ್ಕೆ ವಂದನೆಗಳು. ಅಷ್ಟೇ! ಊಟಕ್ಕೆ ಕೂತೋರನ್ನ ಎಬ್ಬಿಸಿ ವಂದನೆ ಹೇಳಿದ ಹಾಗೆ. ನಾವೇನು ಮಾಡಿದ್ವಿ ಅಮ್ಮಾ? ಕದ್ದು ಕೊಟ್ವಾ? ಯಾರಿಗಾದ್ರೂ ತೋರಿಸಿದ್ವಾ?”

…

“ಮಾವ ಅಂದ್ರೆ ನಮ್ಮಮ್ಮನ ತಮ್ಮ. ನನ್ನ ಸಾಕಿದ್ದು ಅವರೂ ನಮ್ಮಜ್ಜಿಯೂ. ಬೋರ್ಡ್ ಬರೀತಿದ್ರು. ಅಂಗಡಿ ಬೋರ್ಡು, ಶಾಲೆ ಬೋರ್ಡು, ಲಾರಿ ಹಿಂದೆ ಬರೆಯೋದು, ಎಲ್ಲಾ ಕೈಬರಹ… ಹೂಂ, ಬರೀತಿದ್ರು. ಈಗ ಇಲ್ಲ. ಕಣ್ಣಿನ ನಡುಮಧ್ಯವೇ ಹೋಗ್ಬಿಟ್ಟಿದೆ. ಅಂಚಲ್ಲಿ ಮಾತ್ರ ಕಾಣ್ಸತ್ತೆ. ನನ್ನ ಮುಖ ನೋಡ್ಬೇಕಂದ್ರೆ ನನ್ನ ಕಿವಿ ಕಡೆ ನೋಡ್ತಾರೆ.”

ಒಳಗಿನ ಕೋಣೆಯಲ್ಲಿ ಗೋಡೆಗೊರಗಿಸಿದ ಕೊನೆಯ ಬೋರ್ಡು ಇನ್ನೂ ಹಾಗೆಯೇ ಇತ್ತು. ‘ವಾಹನ ನಿಲ್ಲಿಸಬೇಡಿ’ ಎಂದು ಬರೆಯಲು ಕೂತವರ ಕುಂಚ ‘ನಿಲ್ಲಿ’ಯ ಒತ್ತಕ್ಷರವನ್ನು ಒಂದು ಬೆರಳಿನಷ್ಟು ಆಚೆ ಇಳಿಸಿ ಅಲ್ಲೇ ನಿಂತಿತ್ತು. ಟರ್ಪೆಂಟೈನಿನ ವಾಸನೆ ಮಾತ್ರ ಆ ಮನೆಯನ್ನು ಬಿಟ್ಟು ಹೋಗಿರಲಿಲ್ಲ. ಕುಂಚ ಕೆಳಗಿಟ್ಟ ಮೇಲೆ ಮಾವ ಹಿಡಿದಿದ್ದು ಆಟದ ಕಂಟ್ರೋಲರನ್ನು. ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸುವ ಒಂದು ದೋಣಿಯ ಆಟ. ದೋಣಿಯನ್ನು ಅಂಚುಗಣ್ಣಿನಲ್ಲೇ ನಡೆಸಬಹುದಿತ್ತು. ಯಾವ ದ್ವೀಪ, ಏನು ಸಾಮಾನು, ಯಾರು ಏನಂದರು ಎಂಬುದೆಲ್ಲ ಪರದೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹರಿದು ಹೋಗುತ್ತಿತ್ತು. ಆ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ದನಿಯೊಂದು ಹೊಸ ಅಪ್‌ಡೇಟಿನಲ್ಲಿತ್ತು. ಊರಿಗೆಲ್ಲ ಅದು ಸಿಗುವುದು ಚಳಿಗಾಲಕ್ಕೆ. ಇವರ ಮನೆಗೆ ಬೇಸಿಗೆಯ ಮೊದಲೇ ಬಂದಿತ್ತು, ಬಂದಷ್ಟೇ ಸದ್ದಿಲ್ಲದೆ ಹೋಗಿತ್ತು.

“ಕಾಯಬಹುದಿತ್ತು ಅಮ್ಮಾ, ನಂಗೇನು ಆತುರ? ಆದ್ರೆ ಡಾಕ್ಟ್ರು ಹೇಳಿದಾರೆ, ಅಂಚಲ್ಲಿ ಉಳಿದಿರೋದೂ ಈ ಬೇಸಿಗೆ ದಾಟೋದು ಕಷ್ಟ ಅಂತ. ಅಷ್ಟರೊಳಗೆ ಕೈಗೆ ಕಲಿಸ್ಬೇಕು. ಯಾವ ಗುಂಡಿ ಒತ್ತಿದ್ರೆ ಹುಡುಗಿ ಏನಂತಾಳೆ, ಅವಳು ಏನಂದ್ರೆ ಪರದೆ ಮೇಲೆ ಏನಿರತ್ತೆ ಅಂತ, ಒಂದಿಷ್ಟಾದ್ರೂ ಕಣ್ಣಲ್ಲಿ ಕಾಣ್ತಿರುವಾಗಲೇ ಜೋಡಿ ಮಾಡ್ಕೋಬೇಕು. ಪೂರ್ತಿ ಕತ್ತಲಾದ ಮೇಲೆ ಎಲ್ಲಿಂದ ಶುರು ಮಾಡ್ತಾರೆ?… ಅಲ್ವಾ?… ಹಾಂ, ನೀವು ಸರಿಯಾಗೇ ಹಿಡಿದ್ರಿ. ನಮ್ಮ ಅಂಗಡಿಯವರಿಗೆ ಇದನ್ನ ಹೇಳಿದ್ರೆ, ‘ಕುರುಡನಿಗೆ ವಿಡಿಯೋ ಗೇಮಾ?’ ಅಂತ ಮೆಷಿನ್ ನಿಲ್ಲಿಸಿ ನಗ್ತಾರೆ.”

…

“ಹಗಲು ನಾನಿರಲ್ಲ. ಅವರು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕ್ಕೊಂಡು, ಕೆಲ್ಸಕ್ಕೆ ಹೊರಟೋರ ಹಾಗೆ ಕುರ್ಚಿ ಮೇಲೆ ಕೂತ್ಕೋತಾರೆ. ಇವತ್ತು ಉಪ್ಪಿನ ಮೂಟೆ ಇಳಿಸ್ದೆ, ನಾಳೆ ಗಾಜಿನ ಸಾಮಾನಿದೆ, ಅಲೆ ಜೋರಿದೆ ಅಂತೆಲ್ಲ ಸಂಜೆ ನಂಗೆ ವರದಿ. ಆ ದನೀಗೆ ‘ತಂಗಿ’ ಅಂತ ಹೆಸರಿಟ್ಟಿದ್ರು. ಈಗ ಮೂರು ಹೊತ್ತೂ ‘ತಂಗಿ ಎಲ್ಲಿ ಹೋದ್ಲು?’ ರಜ ಹಾಕಿದಾಳೆ ಅಂತ ಹೇಳಿದೀನಿ. ಎಷ್ಟು ದಿನ ಅಂತ ರಜ ಕೊಡ್ಲಿ?”

…

“ಏನು?… ವಾರವಾರದ ಚೀಟಿನಾ? ಹಾಂ ಹಾಂ, ಬರ್ತಿತ್ತು. ‘ಈ ವಾರ ನೀವು ಕಂಡ ತೊಂದರೆಗಳು’ ಅಂತ. ಒಂದು ವಾರಾನೂ ತಪ್ಪಿಸಿಲ್ಲ ಅಮ್ಮಾ, ಆಣೆ ಮಾಡಿ ಹೇಳ್ತೀನಿ… ಏನು ಬರೀತಿದ್ವಾ? ‘ಏನೂ ತೊಂದರೆ ಇಲ್ಲ, ಚೆನ್ನಾಗಿದೆ, ವಂದನೆಗಳು.’”

…

“ಪ್ರತಿ ವಾರಾನೂ.”

…

“ಹಲೋ?… ಅಮ್ಮಾ, ಇದೀರಾ?”

ಕೆಳಗಿನ ಓಣಿಯಲ್ಲಿ ಯಾರೋ ಸೈಕಲ್ಲಿನ ಸ್ಟ್ಯಾಂಡು ಹಾಕಿದರು, ಮತ್ತೆ ತೆಗೆದರು. ಅವಳು ಟವೆಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

“ಯಾಕೆ, ತಪ್ಪಾಯ್ತಾ?… ತೊಂದರೆ ಇರ್ಲೇ ಇಲ್ವಾ ಅಂದ್ರೆ… ಇತ್ತು, ಇಲ್ಲ ಅನ್ನಲ್ಲ. ಒಂದೊಂದ್ಸಲ ತಂಗಿ ಅರ್ಧ ಮಾತಲ್ಲಿ ನಿಂತ್ಬಿಡ್ತಿದ್ಲು, ಕೆನ್ನೆಗೆ ಹೊಡೆದ ಹಾಗೆ… ಅದನ್ನ ಬರೀಬೇಕಿತ್ತಾ?… ನಕ್ಷೆ ತೆಗೆದ್ರೆ ಉಸಿರೇ ಇಲ್ಲ, ಒಂದು ದ್ವೀಪದ ಹೆಸರನ್ನೂ ಹೇಳ್ತಿರ್ಲಿಲ್ಲ… ಅದನ್ನೂನಾ?… ಅಂಕಿಗಳನ್ನ ಎರಡೆರಡು ಸಲ ಓದೋಳು, ಹತ್ತು ಮೂಟೆ ಹತ್ತು ಮೂಟೆ ಅಂತ. ಮಾವ ಇಪ್ಪತ್ತು ಅಂದ್ಕೊಂಡು ದೋಣಿ ಮುಳುಗಿಸಿದ್ರು. ಇಬ್ರೂ ಬಿದ್ದೂ ಬಿದ್ದೂ ನಕ್ವಿ, ಅಷ್ಟೇ… ಅಯ್ಯೋ, ಬೈಬೇಡಿ ಅಮ್ಮಾ! ಯಾರಿಗೆ ಗೊತ್ತಿತ್ತು?”

…

“ಅಂದ್ರೆ… ಚೆನ್ನಾಗಿದೆ ಅಂದೋರನ್ನ ಆಚೆ ಹಾಕ್ತಾರಾ?”

…

“ತಪ್ಪು ಹುಡುಕೋಕೆ ಅಂತ್ಲೇ ಮೊದ್ಲು ಕೊಡೋದು. ಹುಡುಕದೇ ಇದ್ರೆ ಸುಮ್ನೆ ಬಂದು ಕೂತಿದಾರೆ ಅಂತ ಲೆಕ್ಕ… ಹೂಂ… ಹೂಂ… ಇದನ್ನ ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ ನೀವು?… ಬರೆದಿತ್ತಾ? ಎಲ್ಲಿ?… ಒಪ್ಪಿಗೆ ಅಂತ ಒತ್ತೋ ಜಾಗದಲ್ಲಾ? ಅದನ್ನ ಯಾರು ಓದ್ತಾರೆ ಅಮ್ಮಾ, ನೀವೊಬ್ರನ್ನ ಬಿಟ್ಟು?”

ಅವಳಿಗೆ ತನ್ನನ್ನು ಸಾಕಿದ ಅಜ್ಜಿ ಹೇಳುತ್ತಿದ್ದ ಕಥೆಯ ಇಬ್ಬರು ಅಕ್ಕತಂಗಿಯರು ನೆನಪಾದರು. ಕಾಡಿನ ಮುದುಕಿಯ ಮನೆಗೆ ಹೋದ ಕಿರಿಯವಳು ಸೀದ ರೊಟ್ಟಿಯನ್ನೂ ಹರಿದ ಚಾಪೆಯನ್ನೂ ‘ಚೆನ್ನಾಗಿದೆ’ ಎಂದಳು. ಬರುವಾಗ ಮಡಕೆ ತುಂಬ ಬಂಗಾರ. ಹಿರಿಯವಳು ರೊಟ್ಟಿ ಸೀದಿದೆ ಎಂದಳು, ಚಾಪೆ ಚುಚ್ಚುತ್ತದೆ ಎಂದಳು. ಅವಳ ಮಡಕೆಯಲ್ಲಿ ಚೇಳು. ಹಾಸಿಗೆಯಲ್ಲಿ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡು ಇದನ್ನು ಕೇಳಿದ ಹುಡುಗಿ ಮುಂದೆ ಯಾರ ಮನೆಯ ಯಾವ ರೊಟ್ಟಿಯನ್ನೂ ಸೀದಿದೆ ಎಂದವಳಲ್ಲ. ಈಗ ಯಾರೋ ಆ ಎರಡು ಮಡಕೆಗಳನ್ನು ಸದ್ದಿಲ್ಲದೆ ಅದಲು ಬದಲು ಮಾಡಿಬಿಟ್ಟಿದ್ದರು.

“ನಾನು ಬರೀತಿದ್ನೇನೋ ಅಮ್ಮಾ. ಒಂದ್ಸಲ ಬರೆಯೋಕೂ ಹೋಗಿದ್ದೆ, ನಕ್ಷೆ ವಿಷಯ. ಮಾವ ಕೈ ಹಿಡ್ಕೊಂಡ್ರು. ‘ಇನ್ನೂ ಊರಿಗೇ ಬಿಡದೆ ಇರೋದನ್ನ ನಮಗೆ ಕೊಟ್ಟಿದಾರೆ. ಬಣ್ಣ ಹಸಿ ಇದೆ. ಹಸಿ ಬಣ್ಣಕ್ಕೆ ತಪ್ಪು ಹೇಳ್ಬೇಡ’ ಅಂದ್ರು… ಅದು ಅವರ ನೇಮ. ಇಡೀ ಜೀವನ ಏಣಿ ಮೇಲೆ ನಿಂತು ಬರೆದೋರು. ಕೆಳಗೆ ದಾರೀಲಿ ಹೋಗೋನು ಕತ್ತೆತ್ತಿ, ‘ಆ ಕೊಂಬು ಸೊಟ್ಟ ಆಯ್ತು ನೋಡಿ’ ಅಂತ ಹೇಳಿ ಹೋಗ್ಬಿಡೋನು. ಇವರಿಗೆ ಅವತ್ತು ಊಟ ಸೇರ್ತಿರ್ಲಿಲ್ಲ. ಹಾಗಾಗಿ ಯಾರ ಕೈಕೆಲ್ಸಕ್ಕೂ ಒಂದು ಮಾತು ಆಡೋರಲ್ಲ. ನಾನು ಮಾಡಿದ ಸಾರನ್ನೂ ಚೆನ್ನಾಗಿದೆ ಅಂತಾರೆ ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ.”

…

“ಹೌದು. ಹಸಿ ಇರುವಾಗ್ಲೇ ಒರೆಸೋಕೆ ಆಗೋದು, ಒಣಗಿದ ಮೇಲೆ ಆಗಲ್ಲ. ಒಪ್ತೀನಿ. ನೀವು ಹೇಳಿದ್ರೆ ಸರಿ ಅನ್ಸತ್ತೆ. ಆದ್ರೆ ಇದನ್ನ ಹೋಗಿ ಅವರಿಗೆ ಹೇಳೋದು ಯಾರು?”

ಅವಳು ಬಾಗಿಲ ಸಂದಿಯಿಂದ ಇಣುಕಿದಳು. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕಂಟ್ರೋಲರು ತೊಡೆಯ ಮೇಲಿತ್ತು. ಪರದೆಯ ಮೇಲೆ ದೋಣಿ ದಡಕ್ಕೆ ಅಂಟಿಕೊಂಡು ಕುಲುಕುತ್ತಿತ್ತು, ಯಾವುದೋ ದ್ವೀಪದವನು ಬಾಯಿ ಆಡಿಸುತ್ತ ನಿಂತಿದ್ದ, ಅವನ ಮಾತು ಬುಡದಲ್ಲಿ ಸಾಲುಸಾಲಾಗಿ ಯಾರೂ ಓದದೆ ಅಳಿಸಿ ಹೋಗುತ್ತಿತ್ತು. ಮಾವ ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಬಾವಿಗೆ ಬಿದ್ದ ಕೊಡವನ್ನು ಇಣುಕಿ ನೋಡುವವರ ಹಾಗೆ.

“ಹೋಗ್ಲಿ, ಆಗಿದ್ದು ಆಯ್ತು. ಈಗ ದಾರಿ ಹೇಳಿ. ಇವತ್ತೇ ಕೂತು ಅಷ್ಟೂ ತಪ್ಪು ಬರೆದು ಕಳಿಸ್ತೀನಿ, ಪುಟಗಟ್ಟಲೆ ಬರೀತೀನಿ, ಬೇಕಾದ್ರೆ ಇಲ್ಲದ ತಪ್ಪನ್ನೂ ಬರೀತೀನಿ, ಕಥೆ ಕಟ್ಟೋಕೆ ನಂಗೆ ಬರತ್ತೆ… ತಗೊಳಲ್ವಾ? ಒಳಗಿರೋರು ಬರೆದ್ರೆ ಮಾತ್ರ?… ಸರಿ, ಮತ್ತೆ ಹೊಸದಾಗಿ ಅರ್ಜಿ ಹಾಕಿದ್ರೆ?… ಬಾಗಿಲು ಹಾಕಿ ಆಯ್ತಾ? ಎಲ್ಲರಿಗೂ ಬಿಡೋವರೆಗೂ?… ನಿಮ್ಮ ಹತ್ರ ಇನ್ನೊಂದು ಆಹ್ವಾನ… ಒಂದೇ ಇದ್ದಿದ್ದಾ? ಅದನ್ನ ನಮಗೇ ಕೊಟ್ರಾ?… ಅಯ್ಯೋ ಅಮ್ಮಾ.”

…

“ಕಂಪನಿಯವರಿಗೆ ನಿನ್ನೆ ಫೋನ್ ಮಾಡಿದ್ದೆ. ಕಣ್ಣಿನ ವಿಷಯ ಹೇಳಿದೆ. ‘ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ’ ಅಂದ, ಆಮೇಲೆ ಸಂಗೀತ ಹಾಕಿದ. ಆ ಸಂಗೀತ ಕೇಳ್ತಾ ಕೇಳ್ತಾ ಮೂರು ಶರ್ಟಿಗೆ ಗುಂಡಿ ಹಚ್ಚಿದೆ.”

ಆ ಕಡೆಯವರು ನಕ್ಕಿರಬೇಕು, ಅವಳೂ ನಕ್ಕಳು. ನಗುವಿನ ಬೆನ್ನಿಗೇ ಅವಳಿಗೊಂದು ಯೋಚನೆ ಹೊಳೆಯಿತು. ಹೊಳೆದದ್ದನ್ನು ತೂಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

“ಅಮ್ಮಾ, ಒಂದು ಮಾತು. ಬೇಡ ಅನ್ಬೇಡಿ, ಪೂರ್ತಿ ಕೇಳಿ. ನೀವು ಹಳಬರು, ನಿಮ್ಮ ಜಾಗ ಭದ್ರ. ನಿಮ್ಮ ಹೆಸರಲ್ಲಿ ನಿಮ್ಮದರ ಬದ್ಲು ನಮ್ಮ ಕನ್ಸೋಲ್ ಸೇರಿಸಿದ್ರೆ? ಒಂದು ಹೆಸರಿಗೆ ಒಂದೇ ಪೆಟ್ಟಿಗೆ ಅಂತ ನಂಗೊತ್ತು. ಈ ಬೇಸಿಗೆ ಒಂದು ಕಳೆಯೋವರೆಗೆ ಮಾತ್ರ. ನಿಮಗೆ ಆ ಓದೋ ದನಿ ಇದ್ರೇನು, ಇಲ್ದಿದ್ರೇನು? ಹದ್ದಿನ ಕಣ್ಣಿರೋರು ನೀವು, ಹಳೆ ಸಾಫ್ಟ್‌ವೇರಲ್ಲೇ ಆಡ್ಬಹುದು. ತಪ್ಪು ನಾನು ಹುಡುಕಿ ಹುಡುಕಿ ಬರೀತೀನಿ, ನಿಮ್ಮ ಹೆಸರು ಕೆಡ್ಸಲ್ಲ, ಅಮ್ಮಾ, ನಿಮ್ಮ ಕಾಲಿಗೆ…”

…

“ಏನಂದ್ರಿ?”

…

“ಎರಡೂ ಕಣ್ಣಾ?”

ಅವಳು ಮೆಲ್ಲಗೆ ಬಕೆಟ್ಟಿನ ಮೇಲೆ ಕೂತಳು.

“ಯಾವಾಗಿಂದ?… ಅಷ್ಟು ಚಿಕ್ಕವರಿದ್ದಾಗಾ?… ಮತ್ತೆ ಆ ಹೆಸರು… ಬೇಕಂತ್ಲೇ ಇಟ್ಕೊಂಡಿದ್ದಾ? ಯಾರಿಗೆ ಅಣಕ ಮಾಡೋಕೆ?… ದೇವರಿಗಾ? ಸರಿಹೋಯ್ತು… ಹೂಂ… ಮೊದ್ಲೆಲ್ಲ ಪಕ್ಕದ ಮನೆಯವರು ಬಂದು ಓದೋರಾ… ಅವರು ಮನೆ ಬಿಟ್ಟು ಹೋದ್ಮೇಲೆ ಒಂದೂವರೆ ವರ್ಷ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಇಟ್ಟಿದ್ರಾ. ಈ ದನಿ ಬಂದ್ಮೇಲೇ ತೆಗೆದಿದ್ದು… ನಂಗೆ ಗೊತ್ತಿರ್ಲಿಲ್ಲ ಅಮ್ಮಾ. ನನ್ನ ನಾಲಿಗೆಗೆ ಬೆಂಕಿ ಹಾಕ. ಏನು ಕೇಳ್ಬಿಟ್ಟೆ ನಾನು.”

…

“ಬೇಡ.”

…

“ಬೇಡ ಅಮ್ಮಾ, ಬೇಡ. ನೀವು ಕೊಡ್ತೀನಿ ಅಂದ್ರೂ ನಾನು ತಗೊಳಲ್ಲ. ಅವರಿಗೆ ಬೆಳಕು ಮಾಡೋಕೆ ನಿಮ್ಮನೆ ದೀಪ ಆರಿಸ್ಲಾ? ಮಾವನಿಗೆ ಗೊತ್ತಾದ್ರೆ ಕಂಟ್ರೋಲರ್ ಮುಟ್ಟಲ್ಲ… ಹಾಗನ್ಬೇಡಿ. ವಯಸ್ಸಾಯ್ತು ಅಂತ ಯಾರಾದ್ರೂ ಆಟ ಬಿಟ್ಕೊಡ್ತಾರಾ?… ಇಲ್ಲ, ಅಳ್ತಿಲ್ಲ. ಇಲ್ಲಿ ಬಟ್ಟೆ ನೀರು ತೊಟ್ಟಿಕ್ತಿದೆ.”

ಬಟ್ಟೆಗಳೆಲ್ಲ ಬಿಸಿಲಿಗೆ ಆಗಲೇ ಒಣಗಿ ಬಿರುಸಾಗತೊಡಗಿದ್ದವು.

“ಹಾಂ, ಹೇಳಿ, ಕೇಳಿಸ್ಕೋತಿದೀನಿ… ಎಣಿಸೋದಾ? ಹೇಗೆ?… ಮೊದಲ ಪರದೇಲಿ ಬಲಕ್ಕೆ ಎರಡು ಸಲ, ಕೆಳಕ್ಕೆ ಒಂದು ಸಲ ಒತ್ತೋದು… ಓ, ದನಿ ಇಲ್ದೆ ಬರೀ ಎಣಿಕೆ ಮೇಲೆ! ಹಾಂ, ಇದು ಆಗತ್ತೆ. ಮಾವನ ಕೈಗೆ ಎಣಿಕೆ ಚೆನ್ನಾಗಿ ಹತ್ತತ್ತೆ, ಬೋರ್ಡಲ್ಲಿ ಅಕ್ಷರಕ್ಕೆ ಜಾಗ ಬೆರಳಲ್ಲೇ ಅಳೀತಿದ್ರು. ಬೇಸಿಗೆ ಪೂರ್ತಿ ಇದನ್ನ ಕಲಿಸಿದ್ರೆ, ಚಳಿಗಾಲಕ್ಕೆ ತಂಗಿ ಬಂದಾಗ… ಏನು?… ಯಾಕೆ ನಿಲ್ಲಿಸಿದ್ರಿ?”

…

“ಹೊಸದ್ರಲ್ಲಿ ಜಾಗ ಎಲ್ಲಾ ಬದಲಾಗಿರತ್ತಾ?”

…

“ಹೌದಲ್ಲ. ಮೆನು ಬೇರೆ ಥರ ಇತ್ತು, ನಾನೇ ನೋಡಿದೀನಿ. ಈಗ ಕಲಿತಿದ್ದೆಲ್ಲ ಆಗ ಉಲ್ಟಾ. ಕೈಗೆ ಸುಳ್ಳು ಪಾಠ ಹೇಳಿಕೊಟ್ಟ ಹಾಗೆ… ನಿಮಗೂ ಈಗ ಹೊಳೀತಾ? ಪರವಾಗಿಲ್ಲ ಬಿಡಿ. ಅರ್ಧ ನಿಮಿಷ ಆದ್ರೂ ಖುಷಿಯಾಗಿತ್ತು.”

ಫೋನಿಟ್ಟರೆ ಒಳಗೆ ಹೋಗಬೇಕು. ಒಳಗೆ ಹೋದರೆ ಕುರ್ಚಿಯಲ್ಲಿ ಕೂತವರಿಗೆ ಏನಾದರೂ ಹೇಳಬೇಕು. ಅವಳು ಫೋನಿಡದೆ ಟವೆಲಿನ ಅಂಚನ್ನು ಮತ್ತೆ ಬೆರಳಿಗೆ ಸುತ್ತಿಕೊಂಡಳು. ಅಷ್ಟರಲ್ಲಿ ಗೋಡೆಯ ಮೇಲೆ ಅಂಗೈ ಜಾರುವ ಸದ್ದು ಹತ್ತಿರವಾಯಿತು. ಮಾವ ಬಾಗಿಲು ದೂಡಿ ಬಿಸಿಲಿಗೆ ಬಂದರು. ಇಸ್ತ್ರಿ ಶರ್ಟಿನ ಗುಂಡಿಗಳು ಮೇಲಿನಿಂದ ಕೆಳಗಿನವರೆಗೂ ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಅವಳ ಬಾಯಿಗೆ ಮಾತು ಬಂತು, ಆಡಲಿಲ್ಲ.

“ಯಾರೇ ಅದು?” ಮಾವ ಅವಳ ಕಿವಿಯ ಕಡೆ ನೋಡುತ್ತ ಕೇಳಿದರು.

“ಆ ಗುಂಪಿನೋರು ಮಾವ… ಅಪ್‌ಡೇಟಿನ ಗುಂಪು.”

“ತಂಗಿ ಕಡೆಯೋರಾ? ಇಡ್ಬೇಡ, ಇಡ್ಬೇಡ ಫೋನು!” ಅವರ ಮುಖ ಅರಳಿತು. “ಬೆಳಿಗ್ಗೆಯಿಂದ ಅದನ್ನೇ ಯೋಚ್ನೆ ಮಾಡ್ತಾ ಕೂತಿದ್ದೆ. ರಜ ಅಂತೆ, ಗಿಜ ಅಂತೆ, ನನ್ನೇನು ಮಗು ಅಂದ್ಕೊಂಡ್ಯಾ? ತಪ್ಪು ನಮ್ದೇ ಕಣೆ. ಪಾಪ, ಆ ಹುಡುಗಿ ದಿನಾ ಗಂಟಲು ಹರ್ಕೊಂಡು ಓದಿದ್ಲು. ನಾವು ವಾರಕ್ಕೊಂದ್ಸಲ ‘ಚೆನ್ನಾಗಿದೆ’ ಅಂತ ಒಂದು ಮಾತು ಗೀಚಿ ಕೈ ತೊಳ್ಕೊಂಡ್ವಿ. ದುಡಿದೋರಿಗೆ ಬೇಜಾರಾಗಲ್ವಾ? ಇವತ್ತು ದೊಡ್ಡದಾಗಿ, ಮನಸ್ಸು ಬಿಚ್ಚಿ ಬರಿ. ನಾನು ಹೇಳ್ತೀನಿ, ನೀನು ಬರ್ಕೊ. ಅವರೂ ಕೇಳಿಸ್ಕೊಳ್ಳಿ.”

“ಮಾವ…”

“ಬರ್ಕೊ.” ಅವರು ಗಂಟಲು ಸರಿಮಾಡಿಕೊಂಡು, ಬಾಲ್ಕನಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಗೆ ಮುಖ ಮಾಡಿ ನಿಂತರು. “ಮಾನ್ಯರೇ, ನಿಮ್ಮ ಕೆಲಸದಲ್ಲಿ ನಮಗೆ ಒಂದೂ ತಪ್ಪು ಕಾಣಲಿಲ್ಲ.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಅಮ್ಮಾ… ಕೇಳಿಸ್ಕೊಂಡ್ರಾ?… ಅಮ್ಮಾ, ನಂಗೆ ಬಾಯಿ ಬರ್ತಿಲ್ಲ, ನೀವೇ ಹೇಳಿ… ಏನಂತ ಹೇಳ್ಲಿ ಇವರಿಗೆ?… ಅಮ್ಮಾ?… ಹಲೋ… ಹಲೋ?…”